ಛತ್ರಿ ಕಂಪನಿಯ ಷೇರುದಾರ

ಫೈನಾನ್ಸ್ ಕಲಿಯುವ ಕೊನೆಯ ವರ್ಷದ ಹುಡುಗರಿಗೆ ಕಾಲೇಜಿನವರು ತಲೆಗೆ ಹತ್ತು ಲಕ್ಷ ಹಂಚಿದ್ದರು. ಹಣ ಕಂಪ್ಯೂಟರಿನೊಳಗಿನ ಸುಳ್ಳು ಹಣ. ಷೇರುಗಳ ಬೆಲೆ ಮಾತ್ರ ಪೇಟೆಯ ನಿಜವಾದ ಬೆಲೆ. ವರ್ಷದ ಕೊನೆಗೆ ಹೆಚ್ಚು ಹಣ ಉಳಿಸಿಕೊಂಡವರಿಗೆ ಕಪ್. ಅರ್ಧಕ್ಕಿಂತ ಹೆಚ್ಚು ಕಳೆದವರಿಗೆ ಮತ್ತೊಂದು ವರ್ಷ ಅದೇ ಬೆಂಚು.

ನಮ್ಮ ಹುಡುಗ ಮೊದಲ ದಿನವೇ ಹತ್ತೂ ಲಕ್ಷವನ್ನು ಒಂದು ಛತ್ರಿ ಕಂಪನಿಗೆ ಸುರಿದುಬಿಟ್ಟ. ಆ ವರ್ಷ ಮೋಡಗಳು ನೆಂಟರ ಹಾಗೆ ಬಂದು ಮುಖ ತೋರಿಸಿ ಹೋದವೇ ಹೊರತು ಒಂದು ಹನಿ ಉದುರಿಸಲಿಲ್ಲ. ಷೇರಿನ ಬೆಲೆ ಜಾರುಬಂಡೆಯ ಮೇಲೆ ಕೂತ ಮಗುವಿನಂತೆ ಸರ್ರನೆ ಇಳಿಯಿತು. ಅವನು ದಿನಾ ಪತ್ರಿಕೆಯಲ್ಲಿ ಬೆಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಹುಣ್ಣನ್ನು ಕೆರೆದು ನೋಡುವುದೇಕೆಂದು ಕಂಪ್ಯೂಟರಿನ ಖಾತೆಯನ್ನು ಮಾತ್ರ ಮತ್ತೆ ತೆರೆಯಲಿಲ್ಲ. ತರಗತಿಯವರು ಅವನ ಹೆಸರು ಮರೆತು ‘ಛತ್ರಿ’ ಎಂದೇ ಕರೆಯತೊಡಗಿದರು.

ಎಲ್ಲರೂ ವೇದಿಕೆ ಹತ್ತಿ ಲೆಕ್ಕ ಒಪ್ಪಿಸುವ ದಿನ ಬಂತು.

“ಅಣ್ಣಾ, ಮುಂದಿನ ವರ್ಷ ನೋಟ್ಸಿಗೆ ಚಿಂತೆ ಮಾಡ್ಬೇಡ, ನಾನೇ ಕೊಡ್ತೀನಿ,” ಎಂದಳು ತಂಗಿ, ಹಲ್ಲುಜ್ಜುತ್ತಲೇ. ಅವಳು ಅದೇ ಕಾಲೇಜಿನಲ್ಲಿ ಇವನಿಗಿಂತ ಒಂದೇ ವರ್ಷ ಹಿಂದೆ. ಇವನು ಫೇಲಾದರೆ ಅಣ್ಣ ತಂಗಿ ಒಂದೇ ತರಗತಿ! 

“ಜ್ವರ ಬಂದಿತ್ತು, ಅದಕ್ಕೇ ಹೀಗಾಯ್ತು ಅಂತ ಹೇಳ್ಬಿಡೋ,” ಎಂದಳು ಅಮ್ಮ.

“ಜ್ವರ ಬಂದ್ರೆ ಹತ್ತು ಲಕ್ಷ ಹೋಗುತ್ತೇನಮ್ಮಾ?”

“ಯಾಕೆ ಹೋಗಲ್ಲ? ಒಂದ್ಸಲ ದೊಡ್ಡಾಸ್ಪತ್ರೇಲಿ ಮಲಗಿ ನೋಡು.”

ಕೆಳಮನೆಯ ದರ್ಜಿ ಮೆಟ್ಟಿಲಲ್ಲೇ ಅಡ್ಡ ಹಾಕಿದ. “ನಷ್ಟ ಆದೋನು ನಷ್ಟ ಆದೋನ ಥರ ಕಾಣ್ಬಾರ್ದು ಕಣಪ್ಪಾ. ತಗೋ, ಗಿರಾಕಿ ಕೋಟು. ತೋಳಿಗೆ ಇನ್ನೂ ಕಚ್ಚಾ ಹೊಲಿಗೆ. ಕೈ ಮಾತ್ರ ಎತ್ಬೇಡ.”

ಕೈ ಎತ್ತದೆ ಬಸ್ಸಿನ ಕಂಬಿ ಹಿಡಿಯುವುದು ಹೇಗೆ? ಬ್ರೇಕು ಬಿದ್ದಾಗಲೆಲ್ಲ ಛತ್ರಿ ಒಬ್ಬೊಬ್ಬರ ಮಡಿಲಲ್ಲಿ ಕೂತೆದ್ದ. ಕಾಲೇಜು ಬರುವಷ್ಟರಲ್ಲಿ ಅವನು ಕೂರದ ಮಡಿಲೆಂದರೆ ಡ್ರೈವರನದೊಂದೇ.

ಸಭಾಂಗಣದಲ್ಲಿ ಸೂತಕದ ಕಳೆ. ಆ ವರ್ಷ ಇಡೀ ಪೇಟೆಯೇ ಕುಸಿದಿತ್ತು. ದಿನಕ್ಕೆ ಮೂರು ಸಲ ಕೊಂಡು ಮಾರುತ್ತಿದ್ದ ತರಗತಿಯ ಪಂಡಿತನಿಗೇ ಉಳಿದದ್ದು ಆರು ಲಕ್ಷ. ಮಿಕ್ಕವರದು ಐದೂ ಚಿಲ್ಲರೆ.

ಲೆಕ್ಕ ಕೇಳಲು ಕೂತಿದ್ದ ಫೈನಾನ್ಸ್ ಮೇಡಂ ಮುಂದೆ ಛತ್ರಿಯ ಸರದಿ ಬಂತು. “ಮೇಡಂ, ನನ್ನ ಹಣ...” ಎನ್ನುವಷ್ಟರಲ್ಲಿ ಗೋಡೆಯ ಮೇಲೆ ಅವನ ಮೊತ್ತ ಮೂಡಿತು. ಹತ್ತು ಲಕ್ಷ! ಒಂದು ಕಾಸೂ ಕೊಂಕಿರಲಿಲ್ಲ.

ಅವನು ಬೆಪ್ಪಾಗಿ ಮೇಜಿನ ಕಂಪ್ಯೂಟರಿನಲ್ಲಿ ತನ್ನ ಖಾತೆಯನ್ನು ಇಣುಕಿದ. ಮೊದಲ ದಿನ ಬರೆದ ಆದೇಶ ಹಾಗೇ ಕೂತಿತ್ತು: ‘ಛತ್ರಿ ಕಂಪನಿ, ಹತ್ತು ಲಕ್ಷ. ಖಚಿತಪಡಿಸುವಿರಾ?’ ಆ ಗುಂಡಿಯನ್ನು ಅವನು ಒತ್ತಿರಲೇ ಇಲ್ಲ. ತನ್ನದಲ್ಲದ ಷೇರಿಗಾಗಿ ವರ್ಷವಿಡೀ ಅತ್ತಿದ್ದ!

“ಎಲ್ರೂ ಮುಳುಗಿರುವಾಗ ನಿನಗೆ ಕಾಲೂ ಒದ್ದೆ ಆಗಿಲ್ವಲ್ಲೋ! ಏನು ಮಾಡ್ದೆ?” ಎಂದರು ಮೇಡಂ.

“ಏನೂ ಮಾಡ್ಲಿಲ್ಲ ಮೇಡಂ.”

“ಕೇಳಿದ್ರಾ?” ಮೇಡಂ ಮೇಜು ಕುಟ್ಟಿದರು. “ಏನೂ ಮಾಡ್ದೆ ಇರೋದು ದೊಡ್ಡ ದೊಡ್ಡೋರಿಗೇ ಬರಲ್ಲ! ಬರ್ಕೊಳ್ಳಿ!”

“ಅಯ್ಯೋ, ನಿಜವಾಗ್ಲೂ ಏನೂ ಮಾಡ್ಲಿಲ್ಲ ಮೇಡಂ! ಖಾತೆ ತೆಗೆದೂ ನೋಡ್ಲಿಲ್ಲ!”

“ಆಹಾ, ಎಂಥಾ ಸಂಯಮ! ಅದನ್ನೂ ಬರ್ಕೊಳ್ಳಿ!”

ಅರವತ್ತು ಪೆನ್ನುಗಳು ಸರಸರ ಓಡಿದವು. ಛತ್ರಿ ಎರಡೂ ಕೈಯಲ್ಲಿ ಕಪ್ ಎತ್ತಿದ. ಕೋಟಿನ ಎರಡೂ ತೋಳು ಕಳಚಿ ಮೇಡಂ ಹೆಗಲಿಗೇ ಬಿದ್ದವು. ಅದಕ್ಕೂ ಚಪ್ಪಾಳೆ! ಗೆಳೆಯರು ಅವನನ್ನು ಹೊತ್ತುಕೊಂಡೇ ಅಂಕ ಬರೆಸಲು ಕಚೇರಿಗೆ ನುಗ್ಗಿದರು.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. “ಭೇಷ್. ಒಟ್ಟು ಎಷ್ಟು ಸಲ ಕೊಂಡು ಮಾರಿದೆ?”

“ಒಂದ್ಸಲಾನೂ ಇಲ್ಲ ಸಾರ್,” ಎಂದ ಛತ್ರಿ, ಹೆಗಲ ಮೇಲಿಂದಲೇ, ಹೆಮ್ಮೆಯಿಂದ.

“ಕನಿಷ್ಠ ಐದು ಸಲ ವ್ಯವಹಾರ ಮಾಡ್ದೋರಿಗೆ ಮಾತ್ರ ಪಾಸು. ನಿಂಗೆ ಸೊನ್ನೆ.”

“ಮತ್ತೆ ಕಪ್?”

“ಕಪ್ ಹಣ ಉಳಿಸಿದ್ದಕ್ಕೆ, ಅಂಕ ವ್ಯವಹಾರ ಮಾಡಿದ್ದಕ್ಕೆ. ಕಪ್ ನಿಂದೇ, ಯಾರೂ ಕಿತ್ಕೊಳ್ಳಲ್ಲ. ಕೆಳಗಿಳಿ.”

ಹಿಂದೆಯೇ ಓಡಿಬಂದ ಮೇಡಂ ಹಣೆ ಚಚ್ಚಿಕೊಂಡರು. “ಆ ಹಾಳು ನಿಯಮ ನಾನೇ ಬರೆದದ್ದು ಕಣೋ!”

ಹೊಸ ವರ್ಷದ ಮೊದಲ ಪಾಠದಂದು ಮೇಡಂ ಅವನನ್ನು ತರಗತಿಯ ಎದುರಿಗೆ ನಿಲ್ಲಿಸಿದರು. “ಇವರು ಹಿಂದಿನ ವರ್ಷದ ಚಾಂಪಿಯನ್. ಈ ವರ್ಷ ನಿಮ್ಮ ಜೊತೆಗೇ ಓದ್ತಾರೆ.” ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬೆಂಚಿನ ತುದಿಗೆ ಸರಿದು ಅಣ್ಣನಿಗೆ ಜಾಗ ಮಾಡಿಕೊಟ್ಟಳು.