ಮಾಮಾ ಕಾರನ್ನು ಕೆಳಗಿಳಿಸಿದ್ದು

ಜಗತ್ತಿನಲ್ಲಿ ಎಲ್ಲರೂ ದುಡ್ಡು ಸುರಿದು ಮೇಲೇರಲು ನೋಡುತ್ತಾರೆ. ದುಡ್ಡು ಸುರಿದು ಕೆಳಗಿಳಿದ ಮನುಷ್ಯರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ, ನಮ್ಮ ಮಾಮಾ! ಅಂದರೆ ನನ್ನ ಅಕ್ಕನ ಗಂಡ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಮನೆ, ತಿಕೋಟಾದಲ್ಲಿ ದ್ರಾಕ್ಷಿ ತೋಟದವರಿಗೆ ಪೈಪು, ವಾಲ್ವು ಮಾರುವ ಅಂಗಡಿ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರಲಿಕ್ಕೆ ಒಂದು ಬಿಳಿ ಕಾರು. ಮಾಮಾ ಎತ್ತರದ ಆಳು, ಕಾರೂ ಎತ್ತರದ್ದೇ. ತಲೆ ತಗ್ಗಿಸದೆ ಒಳಗೆ ಕೂಡಬಹುದು ಎಂದೇ ಅದನ್ನು ಆರಿಸಿ ಕೊಂಡಿದ್ದರು. ಅಂಥವರಿಗೆ ಐವತ್ತು ದಾಟಿದ ಮೇಲೆ, ಮೊಮ್ಮಕ್ಕಳ ಕನಸು ಕಾಣಬೇಕಾದ ವಯಸ್ಸಿನಲ್ಲಿ, ಆ ಕಾರು ನೆಲಕ್ಕೆ ಹತ್ತಿರವಾಗಬೇಕು, ತಿರುವಿನಲ್ಲಿ ಒಂಚೂರೂ ವಾಲಬಾರದು ಎಂಬ ಹುಚ್ಚು ಹಿಡಿಯಿತು. ಕಾಲೇಜು ಹುಡುಗರ ಹುಚ್ಚು ಅದು. ಮಾಮಾನಿಗೆ ಹೇಗೆ ಅಂಟಿತೋ ಯಾರಿಗೂ ತಿಳಿಯಲಿಲ್ಲ.

ನಗುವ ಸಂಗತಿಯೇ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಮನಸಾರೆ ನಗಲಿಲ್ಲ. ಮಾಮಾ ಕಾರಿನ ಹಿಂದೆ ಬಿದ್ದ ಆ ಎರಡು ವರ್ಷ ಅಕ್ಕ ತವರಿಗೇ ಬಂದಿರಲಿಲ್ಲ. ನಾನು ಬಬಲೇಶ್ವರದಲ್ಲಿ ಹೈಸ್ಕೂಲ್ ಮಾಸ್ತರ. ಅವ್ವ, ಹೆಂಡತಿಯೊಂದಿಗೆ ಇರುವುದು ಮಮದಾಪುರದಲ್ಲಿ. ನಮ್ಮ ಕಡೆ ನಾಗರಪಂಚಮಿಗೆ ಮಗಳು ಬರಲಿಲ್ಲವೆಂದರೆ ಅದು ಇಡೀ ಓಣಿಗೆ ಸುದ್ದಿ. ಮೊದಲ ವರ್ಷ ಅಕ್ಕ ಫೋನಿನಲ್ಲಿ ಮಗನ ಪರೀಕ್ಷೆ ಎಂದಳು. ಶ್ರಾವಣದಲ್ಲಿ ಅದ್ಯಾವ ಪರೀಕ್ಷೆಯೋ ಮಾಸ್ತರನಾದ ನನಗೇ ಹೊಳೆಯಲಿಲ್ಲ. ಮರುವರ್ಷ ಮನೆಗೆ ಸುಣ್ಣಬಣ್ಣ ಎಂದಳು. ಅವ್ವ ತಡೆಯಲಾರದೆ ಬಸ್ಸು ಹತ್ತಿ ತಾನೇ ಹೋಗಿ ನೋಡಿ ಬಂದಳು. ಮಗಳು ಗುಂಡುಕಲ್ಲಿನ ಹಾಗಿದ್ದಾಳೆ, ರೊಟ್ಟಿ ಬಡಿಯುತ್ತಿದ್ದಾಳೆ, ನಗುತ್ತಿದ್ದಾಳೆ. ಹಾಗಾದರೆ ತಪ್ಪು ಯಾರದು? ಕಳಿಸದ ಅಳಿಯನದು! ಅವ್ವ ತೀರ್ಪು ಕೊಟ್ಟೇಬಿಟ್ಟಳು. ಅಂದಿನಿಂದ ಅಳಿಯನ ಜೊತೆ ಮಾತು ಬಂದ್.

ಮಾಮಾನ ಮೊದಲ ಪ್ರಯೋಗಕ್ಕೆ ಖರ್ಚೇ ಇರಲಿಲ್ಲ. ಭಾರ ಹೇರಿದರೆ ಯಾವುದೇ ವಸ್ತು ಕೆಳಗಿಳಿಯಲೇಬೇಕು ಎಂಬ ತತ್ವದ ಮೇಲೆ ಡಿಕ್ಕಿಯಲ್ಲಿ ಎರಡು ಚೀಲ ಬಿಳಿಜೋಳ ಇಟ್ಟರು. ಹಿಂಭಾಗ ಇಳಿಯಿತು, ಸುಳ್ಳಲ್ಲ. ಆದರೆ ಮುಂಭಾಗ ಎದ್ದು ನಿಂತಿತು! ಸಂಜೆ ದೀಪ ಹಾಕಿದರೆ ರಸ್ತೆ ಕಾಣುತ್ತಿರಲಿಲ್ಲ. ಬೇವಿನ ಗಿಡದಲ್ಲಿ ಯಾವ ಕಾಗೆ ಎಲ್ಲಿ ಕೂತಿದೆ ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಇದರ ಮೇಲೆ ಇನ್ನೊಂದು ವಿಚಿತ್ರ. ದಿನ ಕಳೆದಂತೆ ಕಾರು ತಾನಾಗಿಯೇ ಮತ್ತೆ ಮೇಲೇಳತೊಡಗಿತು. ಮಾಮಾ ಬೆಳಿಗ್ಗೆ ಎದ್ದವರೇ ಗಾಲಿಯ ಮೇಲಿನ ಸಂದಿಗೆ ಬೆರಳಿಟ್ಟು ಅಳೆದು, ಸ್ಪ್ರಿಂಗಿಗೆ ತನ್ನಷ್ಟಕ್ಕೆ ಶಕ್ತಿ ಬರುತ್ತಿದೆ ಎಂದು ಓಣಿಯವರಿಗೆ ಪಾಠ ಹೇಳುತ್ತಿದ್ದರು. ಎರಡು ತಿಂಗಳಾದ ಮೇಲೆ ಗುಟ್ಟು ರಟ್ಟಾಯಿತು. ಅಕ್ಕ ಗಿರಣಿಗೆ ಜೋಳ ಕಳಿಸುವಾಗಲೆಲ್ಲ ಡಿಕ್ಕಿಯ ಚೀಲಕ್ಕೇ ಕೈಹಾಕುತ್ತಿದ್ದಳು. ಕಾರನ್ನು ಕೆಳಗಿಳಿಸಬೇಕಾದ ಭಾರವನ್ನು ಮನೆಮಂದಿಯೆಲ್ಲ ಸೇರಿ ರೊಟ್ಟಿ ಮಾಡಿ ತಿಂದಿದ್ದರು.

ಆಮೇಲೆ ದಾವಲಸಾಬ ಮೇಸ್ತ್ರಿಯ ಗ್ಯಾರೇಜು. ಮೂವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೇ ಕಳೆದ ಮನುಷ್ಯ ಆತ. ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿಬಿಡು ಎಂದು ಮಾಮಾ ಹೇಳಿದಾಗ ಆತ ಸುತ್ತಿಗೆ ಕೆಳಗಿಟ್ಟು ಹೇಳಿದನಂತೆ:

"ಸಾವಕಾರ್ರ, ಸ್ಪ್ರಿಂಗ್ ಅಷ್ಟ ಗಿಡ್ಡ ಮಾಡಿದ್ರ ಗಾಡಿ ಆಡಿನ ಮರಿಗತೆ ಜಿಗೀತೈತ್ರಿ. ಅದಕ್ಕ ಹೊಂದೋ ಶಾಕಪ್ಪೂ ಹಾಕಬೇಕ್ರಿ. ಇಲ್ಲಂದ್ರ ಹಲ್ಲು ಉದರತಾವು."

ಸರಿ, ಅಳತೆಗೆ ತಕ್ಕ ಗಿಡ್ಡ ಸ್ಪ್ರಿಂಗು ಬಂದವು, ಕುಲುಕಾಟ ನುಂಗುವ ಬಿಗಿಯಾದ ಶಾಕಪ್ಪು ಬಂದವು. ವಾಲುವುದನ್ನು ತಡೆಯಲಿಕ್ಕೆಂದು ಎರಡು ಗಾಲಿಗಳ ನಡುವೆ ಒಂದು ದಪ್ಪ ಸರಳೂ ಬಂತು. ಕಾರು ಮೂರು ಬೆರಳು ಕೆಳಗಿಳಿಯಿತು. ಮಾಮಾ ಆಕಾಶಕ್ಕೆ ಮೂರೇ ಬೆರಳು ಕೆಳಗಿದ್ದರು! ಮದುವೆ ಮನೆಯಿರಲಿ, ಮಣ್ಣಿಗೆ ಹೋದ ಮನೆಯಿರಲಿ, ಪಕ್ಕದಲ್ಲಿ ಕೂತವರಿಗೆ ಸ್ಪ್ರಿಂಗಿನ ಕೆಲಸವೇನು, ಶಾಕಪ್ಪಿನ ಕೆಲಸವೇನು ಎಂದು ಬಿಡಿಸಿ ಹೇಳದೆ ಏಳುತ್ತಿರಲಿಲ್ಲ.

ತೊಂದರೆ ಬಂದದ್ದು ಹಂಪುಗಳಿಂದ, ಅಂದರೆ ರಸ್ತೆಯುಬ್ಬುಗಳಿಂದ. ನಮ್ಮ ರಸ್ತೆಗಳಲ್ಲಿ ಊರಿಗಿಂತ ಮೊದಲು ಹಂಪು ಬರುತ್ತದೆ. ಮಂದಿ ತುಂಬಿದ ಕಾರು ಹಂಪಿನ ಮೇಲೆ ಬಂದರೆ ಹೊಟ್ಟೆ ಕರ್ರೆಂದು ಕೆರೆಯುತ್ತಿತ್ತು. ಅದಕ್ಕೆ ಮಾಮಾ ಒಂದು ಕಾಯಿದೆ ಮಾಡಿದರು: ಹಂಪು ಬಂದಾಗ ಎಲ್ಲರೂ ಇಳಿಯಬೇಕು, ಕಾರು ಓರೆಯಾಗಿ ದಾಟಿದ ಮೇಲೆ ಮತ್ತೆ ಹತ್ತಬೇಕು. ಕಳ್ಳಕವಟಗಿಯ ನಮ್ಮ ಕಾಕಾ ಒಮ್ಮೆ ಮಗಳ ನಿಶ್ಚಯಕ್ಕೆಂದು ತಲೆಗೆ ರೇಷ್ಮೆ ಪಟಗಾ ಸುತ್ತಿಕೊಂಡು ಇದೇ ಕಾರಿನಲ್ಲಿ ವಿಜಯಪುರಕ್ಕೆ ಹೊರಟರು. ನೂರು ಕಿಲೋದ ಆಸಾಮಿ. ಪ್ರತಿ ಹಂಪಿಗೂ ಅವರನ್ನೇ ಮೊದಲು ಇಳಿಸಲಾಯಿತು. ಬೀಗರ ಮನೆ ಮುಟ್ಟುವ ಹೊತ್ತಿಗೆ ಪಟಗಾ ಸಡಿಲಾಗಿ ಕೊರಳಿಗೆ ಬಂದಿತ್ತು. ಮನೆಯಿಂದಲೇ ನಡೆದುಕೊಂಡು ಬಂದಿದ್ದರೆ ಹತ್ತಿ ಇಳಿಯುವ ದಣಿವಾದರೂ ತಪ್ಪುತ್ತಿತ್ತು ಎಂದು ಕಾಕಾ ಇಂದಿಗೂ ಹೇಳುತ್ತಾರೆ.

ನನ್ನ ಪಾಡು ಬೇರೆಯೇ. ರವಿವಾರ ನಾನು ವಿಜಯಪುರಕ್ಕೆ ಹೋದರೆ ಸಾಕು, ಮಾಮಾ ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಕೈಗೆ ಅಂಚಿನವರೆಗೆ ತುಂಬಿದ ಮಜ್ಜಿಗೆಯ ಲೋಟ ಕೊಡುತ್ತಿದ್ದರು. ಕುಡಿಯಲಿಕ್ಕಲ್ಲ, ಹಿಡಿದುಕೊಳ್ಳಲಿಕ್ಕೆ! ತಿಕೋಟಾದವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಎಷ್ಟು ಚೆಲ್ಲಿತು ಎಂದು ನೋಡುವುದು ಅವರ ಪರೀಕ್ಷೆ. ನೀರು ಸಾಲದೇ ಎಂದು ಒಮ್ಮೆ ಕೇಳಿದೆ.

"ನೀರು ಒಣಗಿ ಹೋಗತೈತಿ ತಮ್ಮಾ. ಮಜ್ಜಿಗಿ ಸಾಕ್ಷಿ ಹೇಳತೈತಿ."

ಸಾಕ್ಷಿ ಹೇಳಿದ್ದು ನನ್ನ ಪ್ಯಾಂಟಿನ ಮೇಲೆ. ಕಲೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಬಗ್ಗಿ ಪರಿಶೀಲಿಸಿ, ಮರುದಿನ ಮೇಸ್ತ್ರಿಯ ಹತ್ತಿರ ಹೋಗಿ ಆ ಕಡೆಯ ಸ್ಪ್ರಿಂಗನ್ನು ಸರಿಮಾಡಿಸುತ್ತಿದ್ದರು. ನನ್ನ ಹೆಂಡತಿ ಆ ಪ್ಯಾಂಟುಗಳನ್ನು ಒಗೆಯುವಾಗ ಅಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಹೀಗಿರುವಾಗ ಮೂರನೆಯ ಪಂಚಮಿ ಹತ್ತಿರ ಬಂತು. ಅವ್ವ ಉಂಡಿ ಕಟ್ಟಲಿಕ್ಕೇ ಒಲ್ಲೆನೆಂದಳು. ಮಗಳಿಲ್ಲದ ಹಬ್ಬಕ್ಕೆ ಉಂಡಿ ಯಾಕೆ, ಈ ಸಲ ಅವಳನ್ನು ಕರೆದುಕೊಂಡು ಬಾ, ಇಲ್ಲವೇ ಅವಳ ಆಸೆ ಬಿಟ್ಟುಬಿಡು ಎಂದು ನನಗೆ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ನೆಟ್ಟಗೆ ಜೋರಾಪುರ ಪೇಟೆಗೆ ಹೋದೆ. ಮಾಮಾ ಮನೆಯ ಮುಂದೆ ಕಾರಿನ ಕೆಳಗೆ ತಲೆ ತೂರಿಸಿದ್ದರು. ತಲೆ ಹೊರಗೆ ಬರುವವರೆಗೂ ನಾನು ಕಾಯಲಿಲ್ಲ. ಕಾರಿಗೆ ಸುರಿಯಲಿಕ್ಕೆ ನಿಮಗೆ ದುಡ್ಡೂ ಇದೆ, ಪುರುಸೊತ್ತೂ ಇದೆ, ಹೆಂಡತಿಯನ್ನು ಒಂದು ದಿನ ತವರಿಗೆ ಕಳಿಸಲಿಕ್ಕೆ ಮಾತ್ರ ಇಲ್ಲವೇ ಎಂದು ಆ ಎರಡು ಕಾಲುಗಳಿಗೇ ಬೈದೆ. ಕಾಲುಗಳು ಇನ್ನಷ್ಟು ಒಳಗೆ ಸರಿದವು.

ಒಳಗಿನಿಂದ ಅಕ್ಕ ಬಂದು ಹೊಸ್ತಿಲ ಮೇಲೆ ಕೂತಳು.

"ಅವರಿಗೇನೂ ಅನಬ್ಯಾಡ. ಎರಡ ವರ್ಷದ ಹಿಂದ ನನಗ ಜ್ವರ ಬಂದು ಹೋತಲ್ಲ, ಅವಾಗಿಂದ ಗಾಡಿ ಒಂಚೂರು ವಾಲಿದ್ರ ಸಾಕು, ಭೂಮಿನ ತಿರುಗಿದಂಗ ಆಗತೈತಿ. ಬಸ್ಸಿನ್ಯಾಗಂತೂ ಎಚ್ಚರ ತಪ್ಪಿ ಬಿದ್ದಿದ್ದೆ. ಅವ್ವಗ ಹೇಳಬ್ಯಾಡ್ರಿ ಅಂತ ನಾನ ಅವರ ಕಡಿಂದ ಆಣಿ ಮಾಡಿಸಿದೆ. ಗೊತ್ತಾದ್ರ ಆಕಿ ಉಣ್ಣೂದ ಬಿಡತಾಳ."

ಕಿವಿಯೊಳಗಿನ ದೋಷ, ನಿಧಾನವಾಗಿ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಕಡಿಮೆಯಾಗುವವರೆಗೆ ಕೈಕಟ್ಟಿ ಕೂಡುವ ಜಾಯಮಾನ ಮಾಮಾನದಲ್ಲ. ಹೆಂಡತಿಯ ತಲೆ ತಿರುಗುವುದನ್ನು ನಿಲ್ಲಿಸಲಿಕ್ಕೆ ಬಾರದಿದ್ದರೆ ಕಾರು ವಾಲುವುದನ್ನಾದರೂ ನಿಲ್ಲಿಸುತ್ತೇನೆ ಎಂದು ಹೊರಟಿದ್ದರು. ಕಾರಿಗೆ ಏನಾದರೊಂದು ಮಾಡಿಸಿದಾಗಲೆಲ್ಲ ಅಕ್ಕನನ್ನು ಕೂಡಿಸಿಕೊಂಡು ಹೋಗುವುದು, ಅವಳು ಸೀಟನ್ನು ಬಿಗಿಯಾಗಿ ಹಿಡಿದಳೆಂದರೆ ಅಲ್ಲಿಂದಲೇ ತಿರುಗುವುದು. ಮೊದಮೊದಲು ಪೇಟೆ ದಾಟಲಿಕ್ಕೇ ಆಗಿರಲಿಲ್ಲ. ಹೋದ ತಿಂಗಳು ತಿಕೋಟಾದವರೆಗೆ ಹೋಗಿ ಬಂದಿದ್ದರು. ಮಮದಾಪುರ ಅದರ ಎರಡರಷ್ಟು ದೂರ, ತಿರುವುಗಳೂ ಹೆಚ್ಚು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕಾರಿನ ಕೆಳಗಿನಿಂದ ಹೊರಬಂದ ಮಾಮಾ ಕೈ ಒರೆಸಿಕೊಳ್ಳುತ್ತ, ನಾಳೆ ಹೋಗಿ ನೋಡೋಣ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಹೊರಟೆವು. ಅಕ್ಕ ಮುಂದೆ, ನಾನು ಹಿಂದೆ. ಮನೆಮುಂದಿನ ದೇವರಿಂದ ಹಿಡಿದು ದಾರಿಯ ದರ್ಗಾದವರೆಗೆ ಯಾರನ್ನೂ ಬಿಡದೆ ಬೇಡಿಕೊಂಡೆ. ಹಂಪಿನ ಕಾಯಿದೆ ಜಾರಿಯಲ್ಲೇ ಇತ್ತು, ಆದರೆ ಇಳಿಯುವವನು ನಾನೊಬ್ಬನೇ. ಬಬಲೇಶ್ವರದಲ್ಲಿ ನನ್ನ ವಿದ್ಯಾರ್ಥಿಗಳ ಕಣ್ಣೆದುರೇ ಮೂರು ಸಲ ಇಳಿದು, ಕಾರಿನ ಹಿಂದೆ ಓಡಿ, ಮೂರು ಸಲ ಹತ್ತಿದೆ. ಮಾಸ್ತರಿಕೆಯ ಮರ್ಯಾದೆ ಹೋಯಿತು, ಹೋಗಲಿ ಬಿಡಿ. ಒಂದೊಂದು ತಿರುವಿಗೂ ಮಾಮಾ ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಕಾರು ತಿರುಗಿಸುತ್ತಿದ್ದರು.

ಮಮದಾಪುರದ ಕೆರೆಯ ಹತ್ತಿರದ ತಿರುವಿನಲ್ಲಿ ಅಕ್ಕನ ಮಾತು ನಿಂತಿತು. ಮುಖ ಕಿಟಕಿಯ ಕಡೆ ತಿರುಗಿತು. ಇನ್ನೆರಡು ಕಿಲೋಮೀಟರು ಇರುವಾಗ ಸೋತೆವಲ್ಲ ಎಂದುಕೊಂಡೆ. ಮಾಮಾ ಮೆಲ್ಲಗೆ ಕಾರು ಬದಿಗೆ ನಿಲ್ಲಿಸಿದರು. ಅವರ ಹಣೆಯ ಮೇಲೆ ಬೆವರಿತ್ತು.

"ಯಾಕ ನಿಂದ್ರಿಸಿದ್ರಿ?" ಎಂದಳು ಅಕ್ಕ. "ಕೆರಿ ತುಂಬೇತಿ ಅಂತ ನೋಡಾಕತ್ತಿದ್ದೆ. ನಡೀರಿ."

ಅಬ್ಬಾ! ಎರಡು ವರ್ಷದಿಂದ ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ಆ ಎರಡು ಕಿಲೋಮೀಟರು ನಾನು ಮಾಮಾನ ಸ್ಪ್ರಿಂಗು, ಶಾಕಪ್ಪು, ಸರಳುಗಳನ್ನೆಲ್ಲ ಬಾಯಿತುಂಬ ಹೊಗಳಿದೆ.

ಮನೆಯ ಮುಂದೆ ಅಕ್ಕ ತನ್ನ ಕಾಲ ಮೇಲೆ ತಾನೇ ಇಳಿದು ಒಳಗೆ ಹೋದಳು. ಮಾಮಾ ಇಳಿಯಲಿಲ್ಲ. ಮಾತು ಬಿಟ್ಟ ಮನೆಗೆ ಕರೆಯದೆ ಹೇಗೆ ಹೋಗುವುದು ಎಂಬ ಸಂಕೋಚ. ಒಳಗೆ ಅಕ್ಕ ಅವ್ವನನ್ನು ತಬ್ಬಿಕೊಂಡು ಎಲ್ಲವನ್ನೂ ಹೇಳಿದ್ದು, ಇಬ್ಬರೂ ಅತ್ತದ್ದು ಹೊರಗಿದ್ದ ನಮಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವ್ವ ಹೊರಗೆ ಬಂದಳು. ನೇರ ಕಾರಿನ ಕಿಟಕಿಯ ಹತ್ತಿರ ಹೋಗಿ ನಿಂತಳು.

"ಎರಡ ವರ್ಷ ನಿಮಗ ದೇವರ ಮುಂದ ನಿಂತು ಬೈದೇನಿ, ಅಳ್ಯಾರ."

"ಬೈದಿದ್ದಕ್ಕ ಆಕಿ ಅರಾಮ ಆಗ್ಯಾಳ ಅಂದ್ರ ಇನ್ನೂ ಬೈರಿ, ಅತ್ತಿ."

ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಂದೆ ಸೆರಗು ಸರಿಮಾಡಿಕೊಂಡು ದೂರವೇ ನಿಲ್ಲುತ್ತಾಳೆ, ಮುಟ್ಟುವ ಮಾತೇ ಇಲ್ಲ. ಅವ್ವ ಕಿಟಕಿಯೊಳಗೆ ಕೈ ಹಾಕಿ, ಹೆತ್ತ ಮಗನಿಗೆ ಇಟ್ಟ ಹಾಗೆ ಅವರ ತಲೆಯ ಮೇಲೆ ಕೈಯಿಟ್ಟಳು. ಮಾಮಾ ಸ್ಟೇರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟರು. ಅವ್ವ ಕೈ ತೆಗೆಯಲಿಲ್ಲ.