ಕಾಕಾನ ಬಾಯಲ್ಲಿ ‘ಬೋಗಸ್’

ಮುಂಬಯಿ ಹತ್ತಿರದ ಕಲ್ಯಾಣದ ಬಜಾರಿನಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ದೇವರು ಅದನ್ನೂ ಕಳಿಸಿಕೊಡುತ್ತಾನೆ. ನನಗೆ ಪಕ್ಕದ ಅಂಗಡಿಗೇ ಕಳಿಸಿದ್ದಾನೆ. ಅಲ್ಲಿ ಸೀರೆ ಮಾರುವವರು ವಿಜಯಪುರ ಕಡೆಯ ಕಾಕಾ. ನಕಲಿ, ಖೋಟಾ, ಹುಸಿ, ಎಲ್ಲಕ್ಕೂ ಅವರದು ಒಂದೇ ಶಬ್ದ: ಬೋಗಸ್. ಇಂಗ್ಲಿಷ್ ಶಬ್ದವಂತೆ. ಆದರೆ ಕನ್ನಡ, ಮರಾಠಿ, ಹಿಂದಿ, ಯಾವ ಗಿರಾಕಿಯೂ ಅರ್ಥ ಕೇಳಿದ್ದು ನಾನು ಕಂಡಿಲ್ಲ.

ಜರಿ

ಒಬ್ಬ ಹೆಣ್ಣುಮಗಳು ಸೀರೆ ಹಿಡಿದು, “ಜರಿ ಖರೇದ ಹೌದಲ್ರೀ ಕಾಕಾ?” ಅಂದಳು.

“ಬೋಗಸ್ ಐತಿ.”

ಆಕೆ ಸೀರೆ ಇಟ್ಟು ಹೋದಳು. “ಛಲೋ ಐತಿ ಅಂತಷ್ಟೇ ಹೇಳಬಹುದಿತ್ತಲ್ಲ ಕಾಕಾ?” ಅಂದೆ.

“ಅದನ್ನ ಹೇಳಾಂವ ಇದ್ದೆ ತಮ್ಮಾ. ಅಷ್ಟರಾಗ ನಿನ್ನ ಊದಿನಕಡ್ಡಿ ವಾಸನಿ ಬಂತು. ಗುಡಿಯಾಗ ನಿಂತಂಗಾಗಿ ಸುಳ್ಳ ಹೊರಗ ಬರಲಿಲ್ಲ!”

ಅಂದಿನಿಂದ ಕಾಕಾನ ಹೆಂಡತಿ ಕಾಕೂ ಅಪ್ಪಣೆಯಂತೆ ಊದಿನಕಡ್ಡಿ ಒಳಗಡೆ ಹಚ್ಚುತ್ತೇನೆ.

ದೇವಿಯ ಹಾರ

ಶ್ರಾವಣ ಶುಕ್ರವಾರ. ಹೂವು ಕೊಡಲು ಕಾಕಾ ಮನೆಗೆ ಹೋಗಿದ್ದೆ. ಕಾಕೂ ಲಕ್ಷ್ಮಿಗೆ ಕೊರಳ ತುಂಬ ಹಾರ ಹಾಕಿದ್ದರು. ಕುಂಕುಮಕ್ಕೆ ಬಂದ ನೆರೆಯಾಕೆ, “ಇಷ್ಟು ಬಂಗಾರ ಇಟ್ಟು ಬಾಗಿಲಾ ತೆರದೀರಿ, ಕಳ್ಳರ ಅಂಜಿಕಿ ಇಲ್ಲೇನ್ರೀ?” ಅಂದಳು. ಕಾಕೂ ಹೆಮ್ಮೆಯಿಂದ ನಕ್ಕರು.

ಒಳಗಿಂದ ಕಾಕಾ ಕೂಗಿದರು: “ಬೋಗಸ್ ಅದಾವ ತಂಗೀ! ಒಯ್ದರ ಪಾಪ, ಕಳ್ಳಗ ಲುಕ್ಸಾನ!”

ದೇವಿಯ ನಗು ಹಾಗೇ ಇತ್ತು. ಕಾಕೂದು ಹೋಯಿತು.

ಹೆಣ್ಣು ನೋಡುವುದು

ಕಾಕಾನ ಮಗಳೂ ಡೊಂಬಿವಲಿಯ ಹುಡುಗನೂ ನವಿ ಮುಂಬಯಿಯ ಒಂದೇ ಆಫೀಸಿನವರು, ಪ್ರೀತಿಸಿದ್ದರು. ಎರಡೂ ಮನೆಯವರು ಒಪ್ಪಿದ್ದರು. ಉಳಿದವರು ಹುಡುಗನ ಅಜ್ಜಿ. ತಾವು ನೋಡಿ ಆರಿಸಿದ ಹೆಣ್ಣೇ ಆಗಬೇಕು ಅನ್ನುವವರು. ಹಾಗಾಗಿ ಅವರೆದುರು ಇಬ್ಬರೂ ಗುರುತಿಲ್ಲದವರಂತೆ ಕೂರುವುದೆಂದಾಯಿತು.

“ಪಪ್ಪಾ, ನೀವು ಬಾಯಿ ತೆಗೀಬ್ಯಾಡ್ರಿ. ಅಜ್ಜಿ ಒಲ್ಲೆ ಅಂದ್ರ ಎಲ್ಲಾ ಮುಗೀತು” ಎಂದು ಮಗಳು ಅತ್ತಳು. ಧೈರ್ಯಕ್ಕೆ ನನ್ನನ್ನೂ ಕರೆದರು. ಇಂಥ ಸುಳ್ಳಿಗೆ ರಾಯರನ್ನು ನೆನೆಯಬಹುದೋ ಬಾರದೋ, ನೆನೆಯುತ್ತ ಕೂತೆ.

ಹುಡುಗಿ ಉಪ್ಪಿಟ್ಟು ತಂದಳು. “ನಿಮ್ಮ ಹೆಸರೇನ್ರಿ?” ಅಂದ ಹುಡುಗ. ಕಾಕಾ ಕೆಮ್ಮಿದರು.

“ಎಲ್ಲಿ ಕೆಲಸಾ ಮಾಡ್ತೀರಿ?”

ಕಾಕಾ ಬಾಯಿಗೆ ಟವೆಲ್ ಒತ್ತಿಕೊಂಡು ಬಾಲ್ಕನಿಗೆ ಓಡಿದರು. “ಅವರಿಗೆ ಅಸಿಡಿಟಿ” ಅಂದರು ಕಾಕೂ.

ಅಜ್ಜಿ ನಿಧಾನವಾಗಿ ಉಪ್ಪಿಟ್ಟು ಮುಗಿಸಿ, ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕುಂಕುಮ ಹಚ್ಚಿದರು.

“ಹ್ವಾದ ದೀಪಾವಳಿಗೇ ಇವನ ಮೊಬೈಲ್‌ನ್ಯಾಗ ನಿನ್ನ ಫೋಟೋ ನೋಡೀನವ್ವಾ. ಆವಾಗನ ನೀ ನನಗ ಪಸಂದ ಬಿದ್ದಿ. ಇವತ್ತ ನೀವಿಬ್ಬರೂ ನಾಟಕ ಭಾಳ ಛಂದ ಮಾಡಿದ್ರಿ. ನಿಮ್ಮಪ್ಪಂದಷ್ಟ ಬೋಗಸ್!”