ಕಟ್ಟೆಗೆ ಒಂದಿಂಚು ಬಾಕಿ

ಅಣೆಕಟ್ಟೆಯಲ್ಲಿ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನೀರೇನೋ ಸುಮ್ಮನಿರುತ್ತೆ, ಜನ ಸುಮ್ಮನಿರಬೇಕಲ್ಲ! ವರ್ಷಕ್ಕೊಂದು ರಾಮಾಯಣ ಇದ್ದೇ ಇರುತ್ತೆ.

೧. ಎಷ್ಟಡಿ?

ಮಳೆಗಾಲ ಬಂತೆಂದರೆ ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು "ಚೆನ್ನಾಗಿದ್ದೀರಾ?" ಅಂತ ಕೇಳಲ್ಲ. "ಎಷ್ಟಡಿ ಆಯ್ತು?" ಅಂತಲೇ ಕೇಳೋದು. ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದೆ. ಪಕ್ಕದ ಮನೆಯವರು ಮೂಸಂಬಿ ಹಿಡಿದು ಬಂದರು. ಎಷ್ಟಡಿ, ಒಳಹರಿವೆಷ್ಟು, ನಾಲೆಗೆ ಯಾವಾಗ ಬಿಡ್ತಾರೆ, ಎಲ್ಲಾ ವಿಚಾರಿಸಿಕೊಂಡು ಎದ್ದರು. ಬಾಗಿಲ ಹತ್ತಿರ ತಿರುಗಿ, "ಅಂದ್ಹಾಗೆ ತಮಗೇನಾಗಿತ್ತು?" ಅಂದರು.

೨. ಹರಕೆ

ಈ ಸಲ ಮಳೆ ಕೈಕೊಟ್ಟಿತು. ನನ್ನಾಕೆ, "ಕಟ್ಟೆ ತುಂಬೋವರೆಗೂ ಕಾಫಿ ಮುಟ್ಟಲ್ಲ" ಅಂತ ಹರಕೆ ಹೊತ್ತಳು. ಹೊತ್ತವಳು ಅವಳು, ಅನುಭವಿಸಿದವನು ನಾನು.

"ಒಬ್ಬರಿಗೋಸ್ಕರ ಡಿಕಾಕ್ಷನ್ ಹಾಕ್ತಾರೇನ್ರೀ?"

ಹೋಟೆಲಲ್ಲಿ ಕುಡಿದು ಬಂದರೆ ಬಾಗಿಲಲ್ಲೇ ಮೂಗರಳಿಸಿ, "ನಿಮ್ಮಿಂದ್ಲೇ ಮಳೆ ನಿಂತಿರೋದು ಕಣ್ರೀ!" ಅಂತ ಬೈಗುಳ. ಕಾಫಿಯಿಲ್ಲದೆ ಅವಳಿಗೆ ತಲೆನೋವು, ಅವಳ ಸಿಡುಕಿಗೆ ನನಗೆ ತಲೆನೋವು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

೩. ಬಿಂದಿಗೆ

ಕೊನೆಗೂ ಮಳೆ ಬಂತು. ನೀರು ಏರಿ ಏರಿ, ಇನ್ನು ಒಂದೇ ಇಂಚು ಅನ್ನುವಾಗ ನಿಂತುಬಿಟ್ಟಿತು. ಮೂರು ದಿನ ಅಲ್ಲೇ.

"ಒಂದಿಂಚು ತಾನೇ, ತುಂಬ್ತು ಅಂತ ಬರ್ಕೊಂಡ್ಬುಡಿ" ಅಂದಳು ನನ್ನಾಕೆ.

"ಆಗಲ್ಲ ಕಣೇ. ಎಷ್ಟಿದ್ಯೋ ಅಷ್ಟೇ ಬರೀಬೇಕು."

"ಹಂಗಾದ್ರೆ ನಾನೇ ತುಂಬಿಸ್ತೀನಿ!"

ಮಾರನೇ ದಿನ ಬಿಂದಿಗೆ ತುಂಬಾ ನೀರು ಹಿಡಿದುಕೊಂಡು ಬಸ್ಸಲ್ಲಿ ಕಟ್ಟೆಗೆ ಬಂದೇ ಬಂದಳು. ನನ್ನೆದುರೇ ಕೈಮುಗಿದು ಸುರಿದಳು.

"ಅಯ್ಯೋ, ನಮ್ಮನೆ ನಲ್ಲಿಗೆ ಬರೋದೂ ಇದೇ ನೀರು ಕಣೇ!"

"ಗೊತ್ತು ಬಿಡಿ. ತಗೊಂಡಿದ್ದನ್ನ ವಾಪಸ್ ಕೊಡೋ ಬುದ್ಧಿ ಊರಲ್ಲಿ ಒಬ್ಬರಿಗಾದ್ರೂ ಇರಲಿ."

೪. ತುಂಬಿತು

ಎರಡು ದಿನ ಕಳೆದು, ಮಧ್ಯಾಹ್ನ ಕಟ್ಟೆ ತುಂಬಿತು. ಪುಸ್ತಕದಲ್ಲಿ ಬರೆದವನೇ ಸಂತೋಷ ತಡೆಯಲಾರದೆ ಬಸ್ ಹತ್ತಿ ಮನೆಗೆ ಓಡಿದೆ. ಹೊಸಿಲು ದಾಟುತ್ತಿದ್ದಂತೆ ಕಾಫಿ ವಾಸನೆ ಘಮ್ಮೆಂದಿತು. ಮೇಜಿನ ಮೇಲೆ ಅವಳ ಲೋಟ.

"ಇದೇನೇ ಇದು?"

"ಬೆಳಿಗ್ಗೆ ಟೀವೀಲಿ ತುಂಬ್ತು ಅಂದ್ರಲ್ಲ, ಆಗ್ಲೇ ಕುಡಿದೆ!"

"ಬೆಳಿಗ್ಗೆ ಇನ್ನೂ ಒಂದಿಂಚು ಬಾಕಿಯಿತ್ತು! ಹರಕೆ ಮುರಿದ್ಬುಟ್ಯಲ್ಲೇ!"

ಅವಳು ಒಂದಿಷ್ಟೂ ಗಾಬರಿಯಾಗದೆ ಆ ಲೋಟವನ್ನು ನನ್ನ ಮುಂದೆ ಸರಿಸಿದಳು.

"ಟೀವಿಯವರನ್ನ ಪೂರ್ತಿ ನಂಬಕ್ಕಾಗುತ್ತೇನ್ರೀ? ಅದಕ್ಕೇ ನೋಡಿ, ಒಂದಿಂಚು ಬಿಟ್ಟೇ ಕುಡಿದಿದ್ದೀನಿ."